ಗಾಳಿ ಅಳೆಯುವ ತಂತಿ

ಆ ವಾರವನ್ನು ನೆನೆದರೆ ಮೊದಲು ಕಿವಿಗೆ ಬರುವುದು ಒಂದು ಸದ್ದು. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸಣ್ಣಗೆ ಸೀಟಿ ಹಾಕುತ್ತ ಮೇಲೇರುತ್ತಿತ್ತು. ಇನ್ನೇನು ಗಾಡಿ ಎಳೆಯಬೇಕು ಅನ್ನುವಾಗ ಯಾರೋ ಗಂಟಲು ಹಿಡಿದಂತೆ ಆ ಸೀಟಿ ಇಳಿದುಬಿಡುತ್ತಿತ್ತು. ಮತ್ತೆ ಏರುವುದು, ಮತ್ತೆ ಇಳಿಯುವುದು. ಆ ಶನಿವಾರ ಬೆಳಿಗ್ಗೆ ನಿಲಂಗಾದ ನಮ್ಮ ಗ್ಯಾರೇಜಿನ ಮುಂದೆ ಗಾಡಿ ನಿಂತಾಗಲೂ ಅದೇ ಸದ್ದು. ನಾನು ಟೇಬಲ್ಲಿನ ಹಿಂದೆ ಕನ್ನಡಕ ಒರೆಸುತ್ತ ಕೂತಿದ್ದೆ. ಮಿಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ತಲೆ ವಾರೆ ಮಾಡಿ ಕೇಳಿ, "ಇದಕ್ಕ ಉಸಿರು ಸಾಲವಲ್ದು ಬಾಯಿ" ಅಂದ. ಈ ಕಡೆ ಅಮ್ಮನವರನ್ನು ಕರೆಯುವುದು ಬಾಯಿ ಅಂತಲೇ.

ಗ್ಯಾರೇಜು ನನ್ನ ಪತಿಯದು. ಅವರು ಹೋದ ಮೇಲೆ ಮುಚ್ಚುವ ಬದಲು ನಾನು ಟೇಬಲ್ಲಿಗೆ ಬಂದು ಕೂತೆ. ಕೈಕೆಲಸವೆಲ್ಲ ಮಿಸ್ತ್ರಿಯದು. ಇಂಗ್ಲಿಷ್ ಮ್ಯಾನ್ಯುಯಲ್ ಓದುವುದು, ಸ್ಕ್ಯಾನರ್ ಹಚ್ಚುವುದು, ಲ್ಯಾಪ್‌ಟಾಪಿನಲ್ಲಿ ಎಂಜಿನ್ನಿನ ಲೆಕ್ಕ ತಿದ್ದುವುದು ನನ್ನದು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯಲು ಕಲಿಸಿದ್ದು ನನ್ನ ಅರವತ್ತೆಂಟನೇ ವಯಸ್ಸಿನಲ್ಲಿ ಡೀಸೆಲ್ ವಾಸನೆಯ ನಡುವೆ ಉಪಯೋಗಕ್ಕೆ ಬರುತ್ತದೆಂದು ಅವರೂ ಎಣಿಸಿರಲಿಕ್ಕಿಲ್ಲ.

ಗಾಡಿ ವಲಾಂಡಿಯ ಒಬ್ಬ ರೈತರದು. ನಡುವಿನ ಸೀಟು ತೆಗೆಸಿ, ಅಲ್ಲಿ ಉದ್ದಕ್ಕೆ ಹಲಗೆ ಕೂರಿಸಿ, ಮೇಲೊಂದು ಗಾದಿ ಹಾಸಿದ್ದರು. ಗಾದಿಯ ಮೇಲೆ ಅವರ ಹೆಂಡತಿ ಮಲಗಿದ್ದರು. ಎಲ್ಲರೂ ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎರಡೂ ಕಿಡ್ನಿ ಕೈಬಿಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಉದಗೀರಿನಲ್ಲಿ ಡಯಾಲಿಸಿಸ್. ಅದರ ಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದು ರಾಡು ಹಾಕಿಸಿಕೊಂಡಿದ್ದರಿಂದ ಕೂರುವ ಹಾಗಿರಲಿಲ್ಲ. ಬಸ್ಸು, ಆಟೊ, ಬಾಡಿಗೆ ಜೀಪು ಯಾವುದೂ ಆಗುತ್ತಿರಲಿಲ್ಲ. ಈ ಹಲಗೆಯ ಗಾಡಿಯೊಂದೇ.

"ಹನ್ನೊಂದಕ್ಕ ನಮ್ಮ ಪಾಳಿ ಬಾಯಿ," ಅಂದರು ಗಂಡ. "ತಡಾ ಆದ್ರ ಮಷೀನು ಮುಂದಿನವರಿಗಿ ಕೊಡ್ತಾರ. ಈಗ ಕಬ್ಬಿನ ಸೀಜನ್ನು. ಒಂದೊಂದು ಟ್ರ್ಯಾಕ್ಟರಿಗಿ ಎರಡೆರಡು ಟ್ರಾಲಿ. ಹಿಂದ ಸಿಕ್ಕಿನಂದ್ರ ಮುಗೀತು. ಓವರ್‌ಟೇಕ್ ಮಾಡ್ಲಿಕ್ಕಿ ದಮ್ಮೇ ಇಲ್ಲ."

ಒಳಗಿಂದ ದನಿ ಬಂತು. "ಗಾಡಿಗೂ ಇಲ್ಲ, ಹೊಡಿಯಾಂವಗೂ ಇಲ್ಲ."

"ಕೇಳಿದ್ರೇನ್ರಿ? ಮಲ್ಕೊಂಡಲ್ಲಿಂದನೇ ಡ್ರೈವಿಂಗ್ ಕಲಿಸ್ತಾಳ."

ಸ್ಕ್ಯಾನರ್ ಹಚ್ಚಿ ನೋಡಿದೆ. ಏರ್ ಫಿಲ್ಟರಿಗೂ ಟರ್ಬೊಗೂ ನಡುವೆ ಒಂದು ಮೊಳ ಉದ್ದವೂ ಇಲ್ಲದ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅದರೊಳಗೆ ಕೂದಲಿನಂಥ ಒಂದು ತಂತಿ. ಕರೆಂಟು ಹರಿಸಿ ಅದನ್ನು ಬಿಸಿಯಾಗಿಯೇ ಇಡುತ್ತಾರೆ. ಬಶಿಯಲ್ಲಿನ ಚಹಾದ ಮೇಲೆ ಊದಿದರೆ ಆರುವಂತೆ, ಒಳಗೆ ಬರುವ ಗಾಳಿ ತಂತಿಯನ್ನು ಆರಿಸುತ್ತದೆ. ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟು ಬೇಕಾಯಿತು ಅನ್ನುವುದರ ಮೇಲೆ ಎಷ್ಟು ಗಾಳಿ ಬಂತೆಂದು ಎಂಜಿನ್ನಿನ ಕಂಪ್ಯೂಟರ್ ತಿಳಿಯುತ್ತದೆ. ಆ ಗಾಳಿಗೆ ತಕ್ಕಷ್ಟೇ ಡೀಸೆಲ್ ಬಿಡುತ್ತದೆ. ಇದಕ್ಕೆ ಮಾಸ್ ಏರ್‌ಫ್ಲೋ ಸೆನ್ಸರ್ ಅನ್ನುತ್ತಾರೆ. ಈ ಗಾಡಿಯದು ಮುದಿಯಾಗಿತ್ತು. ಗಾಳಿ ಬಂದರೂ ಇಲ್ಲ ಅನ್ನುತ್ತಿತ್ತು. ಕಂಪ್ಯೂಟರ್ ಅದನ್ನೇ ನಂಬಿ ಡೀಸೆಲ್ ಹಿಡಿದಿಡುತ್ತಿತ್ತು.

ಹೊಸ ಸೆನ್ಸರ್ ಪುಣೆಯಿಂದ ಬರಲು ಎಂಟು ದಿನ ಅಂದರು. ಮಿಸ್ತ್ರಿ ಗಡ್ಡ ಕೆರೆದುಕೊಂಡ. "ಉಮರ್ಗಾದಾಗ ಹೈವೇ ಮ್ಯಾಲಿನ ಗುಜರಿಯೊಳಗ ಇದೇ ಕಂಪನಿದು ದೊಡ್ಡ ಎಂಜಿನ್ನಿನ ಗಾಡಿ ಒಡ್ದಾರ. ಅದರ ಸೆನ್ಸರ್ ಪೈಪು ಅಗಲ ಅದ. ಅದ್ನೇ ಹಾಕಿದ್ರ ಗಾಳಿನೂ ಜಾಸ್ತಿ, ದಮ್ಮೂ ಜಾಸ್ತಿ. ಆದ್ರ ಲೆಕ್ಕಾ ನೀವು ಕೂಡಿಸ್ಬೇಕು."

ಬೇಡ ಅನ್ನಬಹುದಿತ್ತು. ಎಂಟು ದಿನ ಹೇಗೋ ನೂಕಿರಿ ಅನ್ನಬಹುದಿತ್ತು. ಆದರೆ ಲೆಕ್ಕ ಕೂಡಿಸುವ ಮಾತು ಬಂದೊಡನೆ ನನಗೆ ಒಂದು ಬಗೆಯ ಆಸೆ ಹುಟ್ಟಿತು. ಪ್ರೈಡ್ ಅನ್ನಿ, ಸುಳ್ಳು ಹೇಳಲಾರೆ.

ಮಧ್ಯಾಹ್ನದ ಎಸ್‌ಟಿ ಬಸ್ಸಿಗೆ ನಾವಿಬ್ಬರೂ ಉಮರ್ಗಾಕ್ಕೆ ಹೋದೆವು. ಗುಜರಿಯಲ್ಲಿ ಒಡೆದ ಗಾಡಿಗಳ ನಡುವೆ ಸೀರೆಯ ನಿರಿಗೆ ಎತ್ತಿ ಹಿಡಿದು ನಡೆದೆ. ಮಿಸ್ತ್ರಿ ಕೊಳವೆ ಬಿಚ್ಚಿ ತಂದು ನನ್ನ ಕೈಗಿಟ್ಟ. ಮೂತಿಯಲ್ಲಿ ಜೇನುಗೂಡಿನಂಥ ಒಂದು ಜಾಳಿಗೆ, ಅರ್ಧ ಹರಿದಿತ್ತು. "ಇದ್ನ ಕಿತ್ತೇ ಬಿಡೋಣು. ಗಾಳಿ ಇನ್ನೂ ಸಲೀಸು," ಅಂದ. ಕಿತ್ತೆವು.

ಭಾನುವಾರ ಗಂಡ ಗಾಡಿಯೊಂದನ್ನೇ ಮತ್ತೆ ತಂದರು, ಕೆಲಸ ಶುರು. ವರ್ನಿಯರ್ ಹಿಡಿದು ಅಳೆದೆ: ಹಳೆಯ ಕೊಳವೆಯ ಒಳವ್ಯಾಸ ಅರವತ್ತೆರಡು ಮಿಲಿಮೀಟರ್, ಹೊಸದು ಎಪ್ಪತ್ತು. ಅಗಲದ ಕೊಳವೆಯಲ್ಲಿ ಗಾಳಿ ನಿಧಾನ ಹೋಗುತ್ತದೆ, ತಂತಿ ಕಡಿಮೆ ಆರುತ್ತದೆ, ಕಂಪ್ಯೂಟರಿಗೆ ಗಾಳಿ ಕಡಿಮೆ ಅನ್ನಿಸುತ್ತದೆ. ಅದಕ್ಕೇ ಒಳಗಿನ ಕೋಷ್ಟಕವನ್ನು ತಿದ್ದಬೇಕು. ಎಪ್ಪತ್ತನ್ನು ಅರವತ್ತೆರಡರಿಂದ ಭಾಗಿಸಿ, ವರ್ಗ ಮಾಡಿದರೆ ಒಂದು ಪಾಯಿಂಟ್ ಎರಡು ಏಳು. ಒಳಗಿನ ತಂತಿ ಎರಡರದೂ ಒಂದೇ ಜಾತಿ, ಆದ್ದರಿಂದ ಕೋಷ್ಟಕದ ಗೆರೆಯ, ಅಂದರೆ ಕರ್ವಿನ, ಆಕಾರ ಬದಲಾಗುವುದಿಲ್ಲ, ಎತ್ತರ ಮಾತ್ರ. ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದು, ಬಿಂದು ಬಿಂದುವಾಗಿ ಓದಿ, ಲ್ಯಾಪ್‌ಟಾಪಿಗೆ ತುಂಬಿ ಗಾಡಿಗೆ ಇಳಿಸಿದೆ.

ಜೋಡಿಸುವ ಮುನ್ನ ಮಿಸ್ತ್ರಿ ಕೊಳವೆಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಇದು ನಮ್ಮ ಗ್ಯಾರೇಜಿನ ರೂಢಿ, ಮನೆಯಲ್ಲಿ ನನ್ನ ಮಾವನವರ ಕಾಲದಿಂದ ಬಂದದ್ದು. ಅವರು ಕಿರಾಣಿ ಅಂಗಡಿಯ ಹೊಸ ತಕ್ಕಡಿಗೂ ವಿಭೂತಿ ಹಚ್ಚದೆ ಕಾಳು ತೂಗುತ್ತಿರಲಿಲ್ಲ. ನಾವೂ ಕ್ಲಚ್ ಪ್ಲೇಟಿರಲಿ, ಬೇರಿಂಗಿರಲಿ, ಹೊಸದಾಗಿ ಕೂರಿಸುವುದಕ್ಕೆಲ್ಲ ಹಚ್ಚುತ್ತ ಬಂದವರು. ನಾನು ಮೂರು ಬೆರಳು ನೀರಿಗೆ ಅದ್ದಿ, ವಿಭೂತಿ ಗಟ್ಟಿಯ ಮೇಲೆ ಉಜ್ಜಿ, ಕಣ್ಣು ಮುಚ್ಚಿ ಕೊಳವೆಯ ಮೂತಿಗೆ ಎಳೆದೆ. ಹೊರಗೆ ಹಚ್ಚಿದರೆ ಕ್ಲಾಂಪ್ ಬಿಗಿಯುವಾಗ ಅಳಿಸಿಹೋಗುತ್ತದೆಂದು ಒಳ ಅಂಚಿಗೇ ದಪ್ಪವಾಗಿ ಹಚ್ಚಿದೆ. ಆ ಹೆಂಗಸಿನ ಜೀವ ಅದರ ಮೇಲಿತ್ತಲ್ಲ.

ಎಂಜಿನ್ ಚಾಲೂ ಮಾಡಿದಾಗ, ಗಾಡಿ ನಿಂತಲ್ಲೇ ಓಡುವ ಐಡ್ಲಿಂಗಿನಲ್ಲಿ, ರೀಡಿಂಗ್ ಆರುನೂರರ ಸುತ್ತ ನಿಂತಿತು. ಪ್ರತಿ ಎಳೆತಕ್ಕೆ ಆರುನೂರು ಮಿಲಿಗ್ರಾಂ ಗಾಳಿ. ಎಂಜಿನ್ನಿನ ಅಳತೆಯಿಂದ ನಾನು ಹಾಳೆಯ ಮೇಲೆ ತೆಗೆದ ಸಂಖ್ಯೆಯೂ ಅದೇ. ಮಿಸ್ತ್ರಿ ಲಾತೂರ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಹರಣಾ ಆಗ್ಯದ ಬಾಯಿ, ಹರಣಾ!" ಅಂದ. ಜಿಂಕೆ ಅಂತ.

ಸೋಮವಾರ ಹತ್ತೂವರೆಗೇ ಫೋನು. ಮಾತಾಡಿದ್ದು ವೈನಿ. "ಉದಗೀರ ಬಂತು ನೋಡ್ರಿ ಬಾಯಿ. ಏಳು ಟ್ರ್ಯಾಕ್ಟರು ಹಿಂದ ಹಾಕಿದ್ವಿ. ನಾ ಎಣ್ಸಿನಿ. ಇವರು ಮದುವಿ ದಿನ ಕುದುರಿ ಮ್ಯಾಲ ಕುಂತಾಗೂ ಇಷ್ಟು ಉಬ್ಬಿದ್ದಿಲ್ಲ."

ಬುಧವಾರ ದೇವಣಿ ದಾಟಿದ ಮೇಲೆ ಮೀಟರಿನಲ್ಲಿ ಹಳದಿ ದೀಪ ಹೊತ್ತಿತು. ಗಾಡಿ ಇಪ್ಪತ್ತರ ಮೇಲೆ ಏರಲಿಲ್ಲ. ಉದಗೀರು ಮುಟ್ಟುವಷ್ಟರಲ್ಲಿ ಪಾಳಿ ಕಳೆದು, ನಾಲ್ಕು ತಾಸಿನ ಬದಲು ಎರಡೇ ತಾಸು ಮಷೀನು ಸಿಕ್ಕಿತು.

ಗುರುವಾರ ವೈನಿಯ ಗಂಡ ಒಬ್ಬರೇ ಗಾಡಿ ತಂದರು. ರೀಡಿಂಗ್ ನಾಲ್ಕುನೂರ ಐವತ್ತು! ಆರುನೂರು ಇರಬೇಕಾದಲ್ಲಿ. ರೇಸ್ ಕೊಟ್ಟು ನೋಡಿದೆ, ಎಲ್ಲಾ ಕಡೆ ಅದೇ ಪ್ರಮಾಣದಲ್ಲಿ ಕಡಿಮೆ. ಕಾಲು ಭಾಗ ಹೋಗಿದೆ. ನನ್ನ ಲೆಕ್ಕವೇ ತಪ್ಪಿರಬೇಕು, ವ್ಯಾಸ ಅಳೆಯುವಾಗ ಕೈ ನಡುಗಿರಬೇಕು ಅನ್ನಿಸಿತು. ಟೇಬಲ್ಲಿಗೆ ಹೋಗಿ ಕರ್ವನ್ನು ಮೇಲೆತ್ತಿ ಹೊಸದಾಗಿ ಬರೆದೆ. ಒಂದು ತಾಸು ಹಿಡಿಯಿತು. ಹಿಂತಿರುಗಿ ನೋಡಿದರೆ ಮಿಸ್ತ್ರಿ ಕೊಳವೆಯನ್ನು ಬಿಚ್ಚಿ ಮತ್ತೆ ಕೂರಿಸಲು ಹೊರಟಿದ್ದ.

"ಯಾಕ ತೆಗ್ದಿ?"

"ಕ್ಲಿಪ್ಪು ಸಡ್ಲಾಗಿತ್ತು ಬಾಯಿ. ನೋಡ್ದೆ."

ಬಿಚ್ಚಿದ ಮೇಲೆ ಮತ್ತೆ ಹಚ್ಚದೆ ಕೂರಿಸುವುದು ಹೇಗೆ? ವಿಭೂತಿ ತಂದು ಮತ್ತೆ ಎಳೆದೆ, ಮೊದಲಿಗಿಂತ ದಪ್ಪ. ಅವನು ಏನೋ ಹೇಳಲು ಹೊರಟವನು ಬಗ್ಗಿ ಕ್ಲಾಂಪ್ ಬಿಗಿದ. ಹೊಸ ಕರ್ವ್ ಇಳಿಸಿ ಚಾಲೂ ಮಾಡಿದೆವು. ಸೈಲೆನ್ಸರಿನಿಂದ ಕಪ್ಪು ಹೊಗೆ ಭುಗ್ಗೆಂದು ಎದ್ದು ಎದುರಿನ ಬಟ್ಟೆ ಅಂಗಡಿಯವ ಓಡಿ ಬಂದು ಬೈದ. ರೀಡಿಂಗ್ ಎಂಟುನೂರು.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಒಂದು ತಾಸಿನ ಹಿಂದೆ ನಾಲ್ಕುನೂರ ಐವತ್ತು, ಮೂರನೇ ಒಂದಂಶ ಹೆಚ್ಚಿಸಿದರೆ ಆರುನೂರು ಬರಬೇಕು. ಎಂಟುನೂರು ಎಲ್ಲಿಂದ ಬಂತು? ತಲೆ ಕೆಟ್ಟಿತೇ ನನಗೆ? ಮನೆಯಲ್ಲಿ ಇತ್ತೀಚೆಗೆ ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದೆ. ಹೆಸರುಗಳು ಜಾರುತ್ತಿದ್ದವು. ಅಂಕಿ ಮಾತ್ರ ನನ್ನನ್ನು ಬಿಟ್ಟುಹೋಗುವುದಿಲ್ಲ ಅಂತ ಒಂದು ಧೈರ್ಯವಿತ್ತು. ಅದೂ ಹೋಯಿತು ಅಂದುಕೊಂಡೆ.

ಹೊಸ ಕರ್ವ್ ಕಿತ್ತು ಭಾನುವಾರದ್ದನ್ನೇ ಮತ್ತೆ ಇಳಿಸಿದೆ. ರೀಡಿಂಗ್ ಆರುನೂರು. ಎಲ್ಲ ಸರಿ. ಯಾಕೆ ಸರಿಯಾಯಿತು? ಗೊತ್ತಿಲ್ಲ. ಕಾರಣ ಗೊತ್ತಾಗದೆ ಸರಿಯಾದ ಗಾಡಿಯನ್ನು ಹೊರಗೆ ಬಿಡಬಾರದು, ಇದು ನನ್ನ ಪತಿ ಯಾವಾಗಲೂ ಹೇಳುತ್ತಿದ್ದ ಮಾತು. ಮರುದಿನ ಶುಕ್ರವಾರ, ಡಯಾಲಿಸಿಸ್ ದಿನ. ವೈನಿಯ ಗಂಡ ಬಾಗಿಲಲ್ಲಿ ಟವೆಲ್ಲಿನಿಂದ ಮುಖ ಒರೆಸುತ್ತ ನಿಂತಿದ್ದರು. ಬಿಟ್ಟೆ.

ಶುಕ್ರವಾರ ಊರು ಬಿಟ್ಟು ಅರ್ಧ ದಾರಿಯೂ ಆಗಿರಲಿಲ್ಲ. ದೀಪ ಹೊತ್ತಿತು. ಹಿಂದೆ ಮುಂದೆ ಕಬ್ಬಿನ ಟ್ರಾಲಿ. ಒಂದು ಬಾಡಿಗೆ ಜೀಪು ನಿಲ್ಲಿಸಿ ವೈನಿಯನ್ನು ಅದರಲ್ಲಿ ಕೂರಿಸಲು ನೋಡಿದರಂತೆ. ಸೊಂಟ ಮಡಿಸಿದ ಕೂಡಲೆ ಆಕೆ ಕೂಗಿದ ಕೂಗಿಗೆ ಜೀಪಿನವನೇ ಬೇಡ ಅಂದನಂತೆ. ತೆವಳುತ್ತ ವಲಾಂಡಿಗೆ ಹಿಂತಿರುಗಿದರು. ಆ ದಿನ ಮಷೀನು ಇಲ್ಲ.

ಸಂಜೆ ಅವರು ಫೋನು ಮಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಮಾರಿ ಬಾತದ ಬಾಯಿ. ಕಾಲು ಒತ್ತಿದ್ರ ತೆಗ್ಗು ಬೀಳ್ತದ. ಆಂಬುಲೆನ್ಸಿಗಿ ಫೋನ್ ಹಚ್ದೆ, ಡಯಾಲಿಸಿಸ್ ಪಾಳಿಗಿ ಬರಲ್ಲ ಅಂದ್ರು, ಉಸಿರು ನಿಂತ್ರ ಹಚ್ರಿ ಅಂದ್ರು. ಉದಗೀರದವರು ನಾಳಿ ಹನ್ನೆರಡಕ್ಕ ಒಂದು ಮಷೀನು ಖಾಲಿ ಅದ, ಒಬ್ಬರು ಹೈದರಾಬಾದಿಗಿ ಹೋಗ್ಯಾರ ಅಂದ್ರು. ಆಯ್ತವಾರ ಬಂದ್. ನಾಳಿ ತಪ್ಪಿದ್ರ ಸೋಮವಾರ. ಸೋಮವಾರದ ತನಕಾ..."

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ ಮಿಸ್ತ್ರಿಯೂ ವಲಾಂಡಿಗೆ ಹೊರಟೆವು. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್, ಅವನ ತೊಡೆಯ ಮೇಲೆ ಟೂಲ್ ಬಾಕ್ಸ್. ಇಡೀ ದಾರಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾನು ಹಾಳೆ ತೆಗೆದು ಅಂಕಿಗಳನ್ನೇ ನೋಡುತ್ತಿದ್ದೆ. ಆರುನೂರು, ನಾಲ್ಕುನೂರ ಐವತ್ತು, ಎಂಟುನೂರು. ಮೂರು ಸಂಖ್ಯೆ. ದಾರಿಯಲ್ಲಿ ಒಂದು ಊರಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಪೆನ್ಸಿಲ್ ತೆಗೆದು ಹಿಮ್ಮುಖ ಲೆಕ್ಕ ಹಾಕಿದೆ. ಎಂಟುನೂರನ್ನು ನಾನು ಹೆಚ್ಚಿಸಿದ ಪ್ರಮಾಣದಿಂದ ಭಾಗಿಸಿದರೆ ಆರುನೂರು! ಅಂದರೆ ನಾನು ಹೊಸ ಕರ್ವ್ ಇಳಿಸುವ ಹೊತ್ತಿಗೆ ಸೆನ್ಸರ್ ತಾನಾಗಿಯೇ ಸರಿಯಾಗಿತ್ತು. ನನ್ನ ಭಾನುವಾರದ ಲೆಕ್ಕ ತಪ್ಪಿರಲೇ ಇಲ್ಲ. ತಲೆ ಕೆಟ್ಟಿರಲಿಲ್ಲ. ನಾನು ಟೇಬಲ್ಲಿನಲ್ಲಿ ಕೂತಿದ್ದ ಆ ಒಂದು ತಾಸಿನಲ್ಲಿ ಸೆನ್ಸರಿಗೆ ಏನೋ ಆಗಿತ್ತು.

ಪಕ್ಕಕ್ಕೆ ತಿರುಗಿ ನೋಡಿದೆ. ಅವನು ಇನ್ನೂ ಕಿಟಕಿಯನ್ನೇ ನೋಡುತ್ತಿದ್ದ. ಕೇಳಲಿಲ್ಲ. ಮೊದಲು ಕಣ್ಣಾರೆ ನೋಡಬೇಕಿತ್ತು.

ವಲಾಂಡಿಯ ಅವರ ಅಂಗಳದಲ್ಲಿ ಬೇವಿನ ಮರದಡಿ ಗಾಡಿ. ಪಕ್ಕದಲ್ಲಿ ಹಗ್ಗದ ಮಂಚದ ಮೇಲೆ ವೈನಿ, ಬೆನ್ನಿಗೆ ಮೂರು ದಿಂಬು. ಸೋಮವಾರ ಟ್ರ್ಯಾಕ್ಟರ್ ಎಣಿಸಿದ ಹೆಂಗಸು ಇವಳೇನಾ ಅನ್ನಿಸಿತು. ಕಣ್ಣು ಸೀಳಿನಂತಾಗಿದ್ದವು. ಎರಡು ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು.

"ಬಂದ್ರಿ ಬಾಯಿ?" ಅಂದಳು. "ನನಗೂ ಆ ಸ್ಕ್ಯಾನರ್ ಹಚ್ಚಿ ನೋಡ್ರಿ. ಎಲ್ಲಾ ದೀಪಾ ಹತ್ಯಾವ."

"ಮಾತಾಡ್ಬ್ಯಾಡ," ಅಂದರು ಗಂಡ.

"ಮಾತು ಬಂದ್ ಆದ ದಿನ ನೀವೇ ಅಳ್ತೀರಿ."

ಒಂಬತ್ತು ಗಂಟೆ. ಹನ್ನೊಂದರೊಳಗೆ ಹೊರಡಬೇಕು. ಮಿಸ್ತ್ರಿ ಕ್ಲಾಂಪ್ ಸಡಿಲಿಸಿ ಕೊಳವೆ ತೆಗೆದ. ಅದನ್ನು ನನಗೆ ಕೊಡದೆ ಮೊದಲು ತನ್ನ ಕಿಸೆಯಿಂದ ಚಿಂದಿ ತೆಗೆಯಲು ಹೋದ.

"ಇಲ್ಲಿ ಕೊಡು," ಅಂದೆ.

ಬಿಸಿಲಿಗೆ ಬಂದು, ಪೇಪರ್ ಓದುವ ಭೂತಗನ್ನಡಿ ಹಿಡಿದು, ಕೊಳವೆಯ ಒಳಗೆ ನೋಡಿದೆ. ಮೂತಿಯ ಒಳ ಅಂಚಿನಲ್ಲಿ ನಾನು ಎಳೆದ ಮೂರು ಗೆರೆಗಳಲ್ಲಿ ಎರಡು ಪೂರ್ತಿ ಉದುರಿದ್ದವು. ಹಸಿಯಾಗಿ ಹಚ್ಚಿದ್ದು ಎಂಜಿನ್ನಿನ ಬಿಸಿಗೆ ಒಣಗಿ, ರಸ್ತೆಯ ಅಲುಗಾಟಕ್ಕೆ ಚಕ್ಕೆ ಎದ್ದು, ಗಾಳಿಯ ಜೊತೆ ಒಳಗೆ ಹೋಗಿತ್ತು. ತಡೆಯಲು ಜಾಳಿಗೆಯಿಲ್ಲ. ಕೂದಲಿನಂಥ ಆ ತಂತಿಯ ಮೈಗೆಲ್ಲ ಬೆಳ್ಳಗೆ ಬೂದಿ ಕಾದು ಅಂಟಿತ್ತು. ಹೊದ್ದುಕೊಂಡವನಿಗೆ ಗಾಳಿ ತಾಗುವುದಿಲ್ಲವಲ್ಲ, ಹಾಗೆ. ಮೂಗಿನ ಹತ್ತಿರ ಹಿಡಿದೆ. ದೇವರ ಮನೆಯ ವಾಸನೆ.

ಕೊಳವೆ ಹಿಡಿದುಕೊಂಡೇ ಮಿಸ್ತ್ರಿಯ ಹತ್ತಿರ ಹೋದೆ.

"ನೀ ಗುರುವಾರನೇ ನೋಡಿದ್ದಿ," ಅಂದೆ, ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ. "ಒರೆಸಿ ಹಾಕಿದ್ದಿ. ಹೌದಿಲ್ಲೊ?"

ಅವನು ಚಿಂದಿಯನ್ನು ಬೆರಳಿಗೆ ಸುತ್ತುತ್ತ ನಿಂತ. "ಹೌದ್ರಿ."

"ಹೇಳ್ಬಾರ್ದೇನು? ನಾ ಅಲ್ಲಿ ಕುಂತು ಲೆಕ್ಕಾ ತಿದ್ದಲಿಕತ್ತೀನಿ, ನೀ ಇಲ್ಲಿ ಒರಸ್ಲಿಕತ್ತಿ. ನಿಂದೂ ಕೆಟ್ಟಿತು, ನಂದೂ ಕೆಟ್ಟಿತು!"

"ಕ್ಯಾ ಬೋಲೂಂ ಬಾಯಿ. ಹ್ಯಾಂಗ ಹೇಳ್ಲಿ?" ಅವನ ದನಿ ಇನ್ನೂ ಕೆಳಗಿಳಿಯಿತು. "ನೀವು ಕಣ್ಣು ಮುಚ್ಚಿ ಹಚ್ತೀರಿ. ನಾ ಮುಸಲ್ಮಾನ. ನಿಮ್ಮ ದೇವರ ಬೂದಿಯಿಂದ ಗಾಡಿ ಕೆಡ್ತದ ಅಂತ ನನ್ನ ಬಾಯಿಂದ ಬರ್ಬೇಕೇನು? ಈಗಿನ ದಿನದಾಗ? ಒಂದ್ಸಲ ಒರಸ್ತೀನಿ, ಇನ್ನ ಬೀಳಲ್ಲ ಅಂತ ತಿಳ್ಕೊಂಡೆ. ನೀವು ಮತ್ತ ಹಚ್ಚಿದ್ರಿ."

"ಮೂವತ್ತು ವರ್ಷ ಆತು ನೀ ನಮ್ಮಲ್ಲಿ."

"ಆ ಮೂವತ್ತು ವರ್ಷ ಉಳಿಸ್ಕೊಳ್ಳಿಕ್ಕೇ ಹೇಳ್ಲಿಲ್ರಿ."

ಮೂವತ್ತು ವರ್ಷ, ಮೊದಲು ನನ್ನ ಪತಿಯ, ಆಮೇಲೆ ನನ್ನ ಬೆರಳ ಮುಂದೆ ಪ್ರತಿ ಪಾರ್ಟನ್ನೂ ಎರಡು ಕೈಯಲ್ಲಿ ಹಿಡಿದು ನಿಂತವನು. ಅದನ್ನು ನಾನು ಗೌರವ ಅಂದುಕೊಂಡಿದ್ದೆ. ಗೌರವವೂ ಇತ್ತು. ಅದರ ಕೆಳಗೆ ಇನ್ನೇನಿತ್ತೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಸೆನ್ಸರ್ ತೊಳೆಯುವ ಸ್ಪ್ರೇ ಡಬ್ಬಿಯಲ್ಲಿ ತಳ ಮುಟ್ಟಿದಷ್ಟಿತ್ತು. ಚಿಂದಿ ಬೇಡ, ತಂತಿ ಹರಿದೀತು ಅಂದೆ. ಅವನು ಕೊಳವೆಯನ್ನು ವಾರೆಯಾಗಿ ಹಿಡಿದ, ನಾನು ಒತ್ತಿದೆ. ಬೆಳ್ಳನೆಯ ನೀರು ಬೇವಿನೆಲೆಗಳ ಮೇಲೆ ತೊಟ್ಟಿಕ್ಕಿತು. ಮೂರು ಸಲ ಒತ್ತುವಷ್ಟರಲ್ಲಿ ಡಬ್ಬಿ ಖಾಲಿಯಾಗಿ ಬರೀ ಗಾಳಿ ಬಂತು. ಭೂತಗನ್ನಡಿಯಲ್ಲಿ ತಂತಿ ಮುಕ್ಕಾಲು ಸ್ವಚ್ಛ. ಒಂದು ಮೂಲೆಯಲ್ಲಿ ಚುಕ್ಕೆ ಉಳಿದಿತ್ತು. ಮೂತಿಯ ಅಂಚನ್ನು ನನ್ನ ಸೆರಗಿನಿಂದಲೇ ಒರೆಸಿದೆ, ಉಳಿದ ಒಂದು ಗೆರೆಯನ್ನೂ. ಇನ್ನು ಪೂರ್ತಿ ಒಣಗುವವರೆಗೆ ಕಾಯಬೇಕು. ಹಸಿ ತಂತಿಗೆ ಕರೆಂಟು ಕೊಟ್ಟರೆ ಸುಟ್ಟುಹೋಗುತ್ತದೆ.

"ಹಾಕ್ರಿ, ಹೊರಡೋಣು," ಅಂದರು ಗಂಡ. ಗಡಿಯಾರ ಹತ್ತೂ ಕಾಲು.

"ಇನ್ನ ಇಪ್ಪತ್ತು ಮಿನಿಟು."

"ಇಪ್ಪತ್ತು ಮಿನಿಟು? ಅಕಿ ಉಸಿರು ನೋಡ್ರಿ ಬಾಯಿ, ಉಸಿರು ನೋಡ್ರಿ!"

ನೋಡುತ್ತಲೇ ಇದ್ದೆ. ದಿಂಬಿನ ಮೇಲೆ ಆಕೆಯ ಎದೆ ಏರುವುದು, ಅರ್ಧಕ್ಕೆ ನಿಲ್ಲುವುದು. ಆ ಇಪ್ಪತ್ತು ನಿಮಿಷಗಳಷ್ಟು ಉದ್ದದ ಹೊತ್ತನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಮಿಸ್ತ್ರಿ ಕೊಳವೆಯನ್ನು ಬಿಸಿಲಿಗೆ ಹಿಡಿದು, ಊದದೆ, ಅಲುಗಿಸದೆ, ಕಂಬದಂತೆ ನಿಂತಿದ್ದ.

ಒಣಗಿತು. ಕೂರಿಸಲು ಬಾನೆಟ್ಟಿನ ಹತ್ತಿರ ಹೋದಾಗ ಗಂಡ ಒಳಗಿಂದ ವಿಭೂತಿಯ ಬಟ್ಟಲು ಹಿಡಿದು ಬಂದರು. ಅವರದೂ ಶಿವಭಕ್ತರ ಮನೆ. ಹೊಸದಾಗಿ ಕೂರಿಸುವುದಕ್ಕೆ ಹಚ್ಚದೆ ಬಿಡುವವರಲ್ಲ. ಕೈ ಮೂತಿಯ ಕಡೆಗೇ ಚಾಚಿದರು. ಮಿಸ್ತ್ರಿ ನನ್ನ ಮುಖ ನೋಡಿದ.

ಅವರ ಮಣಿಕಟ್ಟು ಹಿಡಿದುಕೊಂಡೆ.

"ಬ್ಯಾಡ್ರಿ. ಇದಕ್ಕ ಬ್ಯಾಡ."

"ಯಾಕ್ರಿ?"

ಸೆನ್ಸರ್ ಹಳೆಯದು, ಗುಜರಿಯದು, ಏನಾದರೂ ಹೇಳಬಹುದಿತ್ತು. ಒಂದು ಕ್ಷಣ ನಾಲಗೆಯ ತುದಿಗೂ ಬಂತು. ಹಾಗೆ ಹೇಳಿದ್ದರೆ ನಾಳೆ ಊರಲ್ಲಿ ಮಾತು ಮಿಸ್ತ್ರಿಯ ತಲೆಗೆ ಬರುತ್ತಿತ್ತು. "ಎರಡು ಸಲ ಗಾಡಿ ನಿಂತಿದ್ದು ನನ್ನಿಂದ," ಅಂದೆ. "ನಾ ಒಳಗ ವಿಭೂತಿ ಹಚ್ಚಿದ್ದೆ. ಅದು ಉದುರಿ ತಂತಿಗಿ ಕುಂತು ಗಾಡಿ ಕೆಟ್ಟಿತು. ಮಿಸ್ತ್ರಿದು ಏನೂ ತಪ್ಪಿಲ್ಲ. ವೈನಿದು ಮಷೀನು ತಪ್ಪಿಸಿದ್ದು ನಾನು. ಐ ಆಮ್ ಸಾರಿ." ಆ ಇಂಗ್ಲಿಷು ಅಂಗಳದಲ್ಲಿ ಎಷ್ಟು ಬಡವಾಗಿ ಕೇಳಿಸಿತೆಂದರೆ ನನಗೇ ನಾಚಿಕೆಯಾಯಿತು.

ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಬಿಗಿಯಿತು. "ವಿಭೂತಿಯಿಂದ ಗಾಡಿ ಕೆಡ್ತದ ಅಂತೀರಿ? ನೀವು? ಆ ಮನಿಯವರಾಗಿ?"

ಮಂಚದಿಂದ ವೈನಿಯ ದನಿ, ಮುರಿದು ಮುರಿದು. "ಅಹೋ... ಮೆಣಸಿನ ಪುಡಿ... ಅಡಗಿಗಿ ಛೊಲೊ. ಮೂಗಿನಾಗ ಹಾಕ್ತೀರೇನು?" ಉಸಿರು ತೆಗೆದುಕೊಂಡಳು. "ತರ್ರಿ ಇಲ್ಲಿ. ಶಿವಗ ಪೈಪಿನಾಗ ಏನು ಕೆಲಸ. ನನ್ನ ಹಣಿಗಿ ಹಚ್ರಿ."

ನಾನು ಬಟ್ಟಲು ತೆಗೆದುಕೊಂಡು ಹೋಗಿ, ಬಾತ ಆ ಹಣೆಗೆ ಮೂರು ಬೆರಳು ಎಳೆದೆ. ಚರ್ಮ ಬೆರಳಿನಡಿ ಮೆತ್ತಗೆ ತಗ್ಗಿ ಹಾಗೇ ನಿಂತಿತು. ಹಿಂದೆ ಕ್ಲಾಂಪ್ ಬಿಗಿಯುವ ಸ್ಪ್ಯಾನರಿನ ಸದ್ದು ಕೇಳಿಸಿತು.

ಭಾನುವಾರದ ಕರ್ವನ್ನೇ ಇಟ್ಟೆ. ರೀಡಿಂಗ್ ಐನೂರ ಎಂಬತ್ತು. ಉಳಿದ ಆ ಚುಕ್ಕೆಯ ಕೊರತೆ. ಇಪ್ಪತ್ತು ಹೆಚ್ಚಿಸಲೋ ಎಂದು ಕೈ ಕೀಬೋರ್ಡಿನ ಮೇಲೆ ಹೋಯಿತು, ತೆಗೆದೆ. ಇಷ್ಟು ದಿನ ತಿದ್ದಿದ್ದು ಸಾಕು.

ನಾನು ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್, ಕೇಬಲ್ ಸ್ಟೀರಿಂಗಿನಡಿ. ಮಿಸ್ತ್ರಿ ಹಿಂದೆ, ಹಲಗೆಯ ಪಕ್ಕದ ಸಂದಿಯಲ್ಲಿ ಮುದುರಿ ಕೂತು ವೈನಿಯ ದಿಂಬು ಜಾರದಂತೆ ಹಿಡಿದಿದ್ದ. ಹನ್ನೊಂದಕ್ಕೆ ಐದು ನಿಮಿಷ. ದೇವಣಿಯವರೆಗೆ ರಸ್ತೆಯನ್ನೇ ನೋಡಲಿಲ್ಲ, ಪರದೆಯ ಅಂಕಿ ನೋಡಿದೆ. ದೇವಣಿಯ ಆಚೆ ಸಾಲಾಗಿ ಟ್ರಾಲಿಗಳು, ಕಬ್ಬು ರಸ್ತೆಗೆ ಬಾಗಿತ್ತು. ಗಂಡ ಹಿಂಜರಿದರು. ಬುಧವಾರ ಇಲ್ಲಿಯೇ ದೀಪ ಹೊತ್ತಿದ್ದು.

"ಒತ್ತಬೇಕೇನ್ರಿ?"

"ಒತ್ರಿ."

ಅಂಕಿ ಏರಿತು, ಏಳುನೂರು, ಎಂಟುನೂರ ಐವತ್ತು, ಒಂಬೈನೂರ ಇಪ್ಪತ್ತು. ಎದುರಿನಿಂದ ಎಸ್‌ಟಿ ಬಸ್ಸು ಹಾರ್ನು ಒತ್ತುತ್ತ ಬರುತ್ತಿತ್ತು. ಟ್ರಾಲಿಯ ಗಾಲಿ ನನ್ನ ಕಿಟಕಿಯ ಪಕ್ಕ ಉದ್ದಕ್ಕೂ ಸರಿದು ಸರಿದು, ಆಮೇಲೆ ಇಲ್ಲವಾಯಿತು. ಗಾಡಿ ಎಳೆಯಿತು. ಹಿಂದಿನಿಂದ ವೈನಿ, "ಒಂದು," ಅಂದಳು. ಎರಡನೆಯದಕ್ಕೆ ದನಿ ಬರಲಿಲ್ಲ. ಮಿಸ್ತ್ರಿಯೇ ಎಣಿಸಿದ. "ದೋನ್ ವೈನಿ. ತೀನ್. ಕಣ್ಣು ತೆರೀರಿ, ನೋಡ್ರಿ, ಚಾರ್."

ಹನ್ನೆರಡಕ್ಕೆ ಏಳು ನಿಮಿಷವಿರುವಾಗ ಉದಗೀರಿನ ಆಸ್ಪತ್ರೆಯ ಗೇಟು. ಗಾಡಿ ನಿಂತಾಗ ಅಂಕಿ ಮತ್ತೆ ಐನೂರ ಎಂಬತ್ತಕ್ಕೇ ಬಂದು ನಿಂತಿತು.

ಪುಣೆಯಿಂದ ಹೊಸ ಸೆನ್ಸರ್ ಬಂದಾಗ ಫೋನು ಮಾಡಿದೆ. ಬೇಡ, ಇದೇ ಓಡುತ್ತಿದೆ, ಯಾಕೆ ಮುಟ್ಟುವುದು ಅಂದರು. ಆ ಕಬ್ಬಿನ ಸೀಜನ್ ಮುಗಿಯುವವರೆಗೂ, ಬೇಸಿಗೆಯಲ್ಲೂ ಗಾಡಿ ಒಂದೇ ಸಮ ಓಡಿತಂತೆ. ಕೆಟ್ಟಿದ್ದರೆ ನಿಲಂಗಾಕ್ಕೆ ಬರುತ್ತಿದ್ದರು, ಹಲಗೆಯ ಮೇಲಿನ ಮಾತು ಮತ್ತೆ ಕೇಳುತ್ತಿದ್ದೆ. ಕೆಡಲಿಲ್ಲ, ಬರಲಿಲ್ಲ. ಮಳೆಗಾಲದಲ್ಲಿ ಒಂದು ದಿನ ಅವರೊಬ್ಬರೇ ಬಸ್ಸಿನಲ್ಲಿ ಬಂದು, ಹಲಗೆ ಬಿಚ್ಚಿ ಹಳೆಯ ಸೀಟು ಕೂರಿಸಲು ಯಾವಾಗ ಗಾಡಿ ತರಲಿ ಅಂತ ಮಿಸ್ತ್ರಿಯನ್ನು ಕೇಳಿದರು. ಮಿಸ್ತ್ರಿ ದಿನ ಹೇಳಿದ, ನಾನು ಚಹಾ ತರಿಸಿದೆ.

ಹಾಗಾಗಿ ನಾನು ವೈನಿಯನ್ನು ಕೊನೆಯ ಸಲ ನೋಡಿದ್ದು ಆ ಶನಿವಾರವೇ. ವಾರ್ಡಿನವರು ಸ್ಟ್ರೆಚರಿಗೆ ಎತ್ತಿ ಹಾಕಿ ತಳ್ಳುತ್ತಿದ್ದರು, ನಾನು ಕೇಬಲ್ ಕೈಯಲ್ಲಿ ಸುತ್ತಿಕೊಂಡೇ ಪಕ್ಕದಲ್ಲಿ ನಡೆಯುತ್ತಿದ್ದೆ. ಬಾಗಿಲ ಹತ್ತಿರ ಆಕೆ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ಬಗ್ಗಿದೆ.

"ಗಾಡ್ಯಾಗ ಡಬ್ಬಿ ಅದ," ಅಂದಳು. "ಮೂರು ರೊಟ್ಟಿ, ಹಿಂಡಿ ಚಟ್ನಿ. ನೀವೂ ಮಿಸ್ತ್ರಿನೂ ಉಣ್ರಿ. ಇವರಿಗಿ ಕೊಡ್ಬ್ಯಾಡ್ರಿ, ಇವರು ಮನ್ಯಾಗ ಉಂಡಾರ."

ಸೆರಗು ಬಿಟ್ಟಳು. ಸ್ಟ್ರೆಚರಿನ ಒಂದು ಗಾಲಿ ಹೊಸ್ತಿಲಿಗೆ ತಡೆದು, ಎತ್ತಿ ದಾಟಿಸಿದರು.